ಆಟದ ಸಾಮಾನಿಗೆ ಬೆಲೆ ಬರುವುದು ಹೇಗೆ?



ಗೋಲಿ ಆಟದ ಮುಖ್ಯ ನಿಯಮವೊಂದು ನಿಮಗೆಲ್ಲ ತಿಳಿದೇ ಇದೆ. ಗೆದ್ದವನು ಸೋತವನ ಗೋಲಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಹೊನ್ನಾಳಿಯ ಹೊಳೆದಂಡೆಯಾಗಲಿ, ಜಗಳೂರಿನ ಬಯಲಾಗಲಿ, ಒಂದು ಕಾಲಕ್ಕೆ ಹುಡುಗರ ಜೇಬಿನಲ್ಲಿ ಪುಟ್ಟದೊಂದು ಸಂತೆಯೇ ಇರುತ್ತಿತ್ತು. ಒಳಗೆ ಬಣ್ಣದ ಎಳೆ ತಿರುಚಿಕೊಂಡಿರುವ ಗೋಲಿ ಬೇಕೆಂದರೆ ಮೂರು ನಾಲ್ಕು ಸಾದಾ ಗೋಲಿ ಕೊಡಬೇಕಾಗಿತ್ತು. ಬೆಂಕಿಪೊಟ್ಟಣದ ಚಿತ್ರಗಳು, ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿಗಳು, 1990ರ ದಶಕದಲ್ಲಿ ಶಾಲೆಗಳಿಗೆಲ್ಲ ಹರಡಿದ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು, ಹೀಗೆ ಆಯಾ ಕಾಲಕ್ಕೆ ಒಂದೊಂದು ಸರಕು. ಈ ಬೆಲೆಗಳನ್ನು ಯಾವ ಮೇಷ್ಟರೂ ಕಟ್ಟಿಕೊಟ್ಟವರಲ್ಲ.

ನಮ್ಮ ಕಾರ್ಯಕ್ರಮಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ವಿದ್ಯಾರ್ಥಿಗಳು ಕಳಿಸಿದ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬಂದಿತ್ತು. ಮೊಬೈಲ್ ಮತ್ತು ಕಂಪ್ಯೂಟರ್ ಆಟಗಳಲ್ಲಿ ಸಿಗುವ ಕಾರ್ಡು, ಪ್ರಾಣಿ, ಬಂದೂಕಿನ ಬಣ್ಣ ಇವುಗಳನ್ನು ಜನ ನಿಜವಾದ ಹಣ ಕೊಟ್ಟು ಕೊಂಡು ಮಾರುತ್ತಾರಂತೆ. ಅಂತಹ ಕೆಲವು ಆಟಗಳು ವರ್ಷಗಟ್ಟಲೆ ನಿಲ್ಲುತ್ತವೆ, ಕೆಲವು ವರ್ಷದೊಳಗೆ ನೆಲ ಕಚ್ಚುತ್ತವೆ, ಇದೇಕೆ ಎಂದು. (ಈ ನಾಲ್ಕೂ ಊರುಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. 1997ಕ್ಕೆ ಮುಂಚೆ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ, ಉಳಿದವು ಶಿವಮೊಗ್ಗ ಜಿಲ್ಲೆಯಲ್ಲಿಯೂ ಇದ್ದವು. ಜಿಲ್ಲೆಯ ಗಡಿ ಬದಲಾದರೂ ಹುಡುಗರ ಆಟದ ಕುತೂಹಲ ಬದಲಾಗಿಲ್ಲವೆಂಬುದು ಸಂತೋಷದ ಸಂಗತಿ.) ಪ್ರಶ್ನೆ ಮೇಲ್ನೋಟಕ್ಕೆ ಆಟದ್ದು, ಒಳಗಿರುವುದು ಅರ್ಥಶಾಸ್ತ್ರ. ಇತಿಹಾಸದಿಂದಲೇ ಆರಂಭಿಸೋಣ.

ಅಮೆರಿಕದಲ್ಲಿ 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಇಸ್ಪೀಟಿನಂತಹ ಆಟವನ್ನು ರೂಪಿಸಿದರು. ಮಾಮೂಲಿ ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ 52 ಎಲೆಗಳು. ಇಲ್ಲಿ ಹಾಗಲ್ಲ, ಪ್ರತಿಯೊಬ್ಬ ಆಟಗಾರನೂ ಮುಚ್ಚಿದ ಪೊಟ್ಟಣಗಳನ್ನು ಕೊಂಡು, ಬೇಡದ ಎಲೆಗಳನ್ನು ಗೆಳೆಯರೊಡನೆ ಬದಲಾಯಿಸಿಕೊಂಡು, ತನ್ನದೇ ಕಟ್ಟನ್ನು ಕಟ್ಟಿಕೊಳ್ಳಬೇಕು. ಎಲೆಗೆ ಬೆಲೆ ಬಂದದ್ದು ಎರಡು ಕಾರಣಗಳಿಂದ. ಅದು ಅಪರೂಪದ್ದು ಎಂಬುದೊಂದು. ಅದನ್ನಿಟ್ಟುಕೊಂಡು ಆಟ ಗೆಲ್ಲಬಹುದು ಎಂಬುದು ಇನ್ನೊಂದು. ಎರಡನೆಯದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಅಪರೂಪವಾದುದೆಲ್ಲ ಬೆಲೆಬಾಳುವುದಾದರೆ ನಾನು ಆರನೆಯ ತರಗತಿಯಲ್ಲಿ ಬರೆದ ಚಿತ್ರಕ್ಕೂ ಲಕ್ಷ ರೂಪಾಯಿ ಬರಬೇಕಾಗಿತ್ತು, ಅದರ ಪ್ರತಿ ಜಗತ್ತಿನಲ್ಲಿ ಒಂದೇ ಇರುವುದು.

ಈ ಆಟದ ಕಂಪನಿ 1995ರಲ್ಲಿ ಹಳೆಯ ಎಲೆಗಳನ್ನು ಮತ್ತೆ ಅಚ್ಚು ಹಾಕಿಸಿತು. ಕೂಡಿಟ್ಟವರು ಸಿಟ್ಟಾದರು. 1996ರಲ್ಲಿ ಕಂಪನಿ ಒಂದು ಪಟ್ಟಿ ಹೊರಡಿಸಿ, ಇದರಲ್ಲಿರುವ ಎಲೆಗಳನ್ನು ಇನ್ನೆಂದೂ ಮರುಮುದ್ರಿಸುವುದಿಲ್ಲವೆಂದು ಮಾತು ಕೊಟ್ಟಿತು. ಅಚ್ಚುಕೂಟದ ಕೀಲಿ ಯಾರ ಕೈಯಲ್ಲಿದೆಯೋ ಅವರ ಮಾತಿಗೂ ಬೆಲೆಯಲ್ಲಿ ಪಾಲಿದೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಅದೇ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಪೋಕೆಮಾನ್ ಆಟ ಬಿಡುಗಡೆಯಾಯಿತು. ಇದರ ಕರ್ತೃ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದವರು. ಕೈಯಲ್ಲಿ ಹಿಡಿದು ಆಡುವ ಎರಡು ಗೇಮ್‌ಬಾಯ್ ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸುವ ಸೌಲಭ್ಯವಿತ್ತು. ಆ ತಂತಿಯ ಮೂಲಕ ಪ್ರಾಣಿಗಳನ್ನೇ ಕಳಿಸಿಕೊಳ್ಳಬಹುದಲ್ಲ ಎಂದು ಅವರಿಗೆ ಹೊಳೆಯಿತು. ಆಟವನ್ನು ಕೆಂಪು ಮತ್ತು ಹಸಿರು ಎಂದು ಎರಡು ಆವೃತ್ತಿಗಳಲ್ಲಿ ಮಾರಿದರು. ಕೆಂಪಿನಲ್ಲಿ ಸಿಗುವ ಕೆಲವು ಪ್ರಾಣಿಗಳು ಹಸಿರಿನಲ್ಲಿಲ್ಲ, ಹಸಿರಿನ ಕೆಲವು ಕೆಂಪಿನಲ್ಲಿಲ್ಲ. ಪೂರ್ತಿ ಸಂಗ್ರಹ ಬೇಕೆಂದರೆ ಪಕ್ಕದ ಮನೆಯ ಹುಡುಗನ ಸ್ನೇಹ ಮಾಡಲೇಬೇಕು! ಅಷ್ಟೇ ಅಲ್ಲ, ಕೆಲವು ಪ್ರಾಣಿಗಳು ಕೈ ಬದಲಾದಾಗ ಮಾತ್ರ ಮುಂದಿನ ರೂಪಕ್ಕೆ ಬೆಳೆಯುತ್ತಿದ್ದವು. ವಿನಿಮಯವೇ ಆಟದ ಒಂದು ಭಾಗವಾಯಿತು. ಇದರಲ್ಲಿ ದುಡ್ಡಿನ ಮಾತೇ ಇರಲಿಲ್ಲವೆಂಬುದನ್ನು ಗಮನಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯಲ್ಲಿ ಇಷ್ಟು ಚೆಲುವಾದ ಕಲ್ಪನೆ ಇನ್ನೊಂದಿಲ್ಲ.

ದುಡ್ಡು ಬಂದ ಮೇಲೆ ಏನಾಯಿತು? 2012ರಲ್ಲಿ 'ಡಯಾಬ್ಲೊ 3' ಎಂಬ ಆಟದಲ್ಲಿ ಕಂಪನಿಯೇ ಹರಾಜುಕಟ್ಟೆಯೊಂದನ್ನು ತೆರೆದು, ಆಟದ ಕತ್ತಿ ಕವಚಗಳನ್ನು ನಿಜವಾದ ಹಣಕ್ಕೆ ಮಾರಲು ಬಿಟ್ಟಿತು. ವ್ಯಾಪಾರ ನಡೆಯಿತು, ಆಟ ಸೊರಗಿತು. ರಾಕ್ಷಸರನ್ನು ಕೊಂದು ಒಳ್ಳೆಯ ಕತ್ತಿ ಹುಡುಕುವುದೇ ಆಟದ ಸ್ವಾರಸ್ಯ. ಅದು ಅಂಗಡಿಯಲ್ಲೇ ಸಿಗುವಾಗ ಕಾಡಿಗೆ ಹೋಗುವವರು ಯಾರು? ಕಂಪನಿ ಇದನ್ನು ಒಪ್ಪಿಕೊಂಡು 2014ರ ಮಾರ್ಚ್ 18ರಂದು ಹರಾಜುಕಟ್ಟೆಯನ್ನು ಮುಚ್ಚಿತು.

'ಕೌಂಟರ್-ಸ್ಟ್ರೈಕ್' ಬೇರೆ ದಾರಿ ಹಿಡಿಯಿತು. 2013ರ ಆಗಸ್ಟ್‌ನಲ್ಲಿ ಅದು ಬಂದೂಕುಗಳಿಗೆ ಬಣ್ಣಬಣ್ಣದ ಹೊದಿಕೆಗಳನ್ನು ತಂದಿತು. ಹೊದಿಕೆಯಿಂದ ಗುಂಡಿನ ವೇಗ ಹೆಚ್ಚುವುದಿಲ್ಲ, ಗುರಿ ನೆಟ್ಟಗಾಗುವುದಿಲ್ಲ. ಅದು ಕೇವಲ ಶೋಕಿ. ಆದ್ದರಿಂದ ದುಡ್ಡಿಲ್ಲದ ಹುಡುಗನೂ ದುಡ್ಡಿದ್ದವನನ್ನು ಸೋಲಿಸಬಹುದು, ಆಟ ಕೆಡಲಿಲ್ಲ. ಆಡುವವರು ಲಕ್ಷಗಟ್ಟಲೆ ಇದ್ದುದರಿಂದ ಶೋಕಿಯನ್ನು ನೋಡುವ ಕಣ್ಣುಗಳಿದ್ದವು. ಜಾತ್ರೆಯಲ್ಲಿ ಹೊಸ ಅಂಗಿ ತೊಟ್ಟಂತೆ. ಜಾತ್ರೆಯೇ ಇಲ್ಲದಿದ್ದರೆ ಅಂಗಿಗೆ ಆ ಬೆಲೆಯಿಲ್ಲ. ಆದರೆ ಇಲ್ಲಿಯೂ ಕೀಲಿ ಕಂಪನಿಯ ಕೈಯಲ್ಲೇ ಇದೆ. 2025ರ ಅಕ್ಟೋಬರಿನಲ್ಲಿ ಕಂಪನಿ ಒಂದು ನಿಯಮ ಬದಲಾಯಿಸಿ, ಅತ್ಯಂತ ದುಬಾರಿಯಾಗಿದ್ದ ಚಾಕುಗಳನ್ನು ಪಡೆಯುವ ಹೊಸ ದಾರಿ ತೆರೆದಾಗ, ಒಂದೆರಡು ದಿನಗಳಲ್ಲೇ ಆ ಚಾಕುಗಳ ಬೆಲೆ ಪಾತಾಳಕ್ಕಿಳಿಯಿತು. ಈ ಹೊದಿಕೆಗಳನ್ನು ಪಣವಿಟ್ಟು ಜೂಜಾಡುವ ಚಟವೂ ಹಬ್ಬಿತ್ತೆಂಬುದನ್ನು ಮರೆಯುವಂತಿಲ್ಲ. ಯಾವ ವಸ್ತು ಬರುವುದೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳು ಜೂಜಿಗೆ ಸಮವೆಂದು ಬೆಲ್ಜಿಯಂ ದೇಶದ ಆಯೋಗ 2018ರಲ್ಲೇ ಹೇಳಿತು.

ಇನ್ನು ಬ್ಲಾಕ್‌ಚೈನ್ ಎಂಬ ಹೊಸ ಅಧ್ಯಾಯ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಿಮ್ಮ ಮನೆಯ ಜಮೀನಿನ ಪಹಣಿಯ ದಾಖಲೆಯನ್ನು ಸರ್ಕಾರದ ಒಂದೇ ಕಡೆ ಇಡುವ ಬದಲು, ಅದರ ನಕಲು ಸಾವಿರಾರು ಜನರ ಗಣಕಗಳಲ್ಲಿ ಇದ್ದು, ಒಬ್ಬರೇ ತಿದ್ದಲು ಆಗದಂತೆ ಒಂದಕ್ಕೊಂದು ತಾಳೆ ನೋಡಿಕೊಳ್ಳುತ್ತಿದ್ದರೆ ಹೇಗೋ ಹಾಗೆ. ಆಟದ ವಸ್ತುವನ್ನು ಇಂತಹ ದಾಖಲೆಯಲ್ಲಿ ಬರೆದಿಟ್ಟರೆ ಅದು ಕಂಪನಿಯದಲ್ಲ, ಆಟಗಾರನದೇ ಎಂದು ತೋರಿಸಬಹುದು. 2017ರ ನವೆಂಬರಿನಲ್ಲಿ ಬಂದ 'ಕ್ರಿಪ್ಟೋಕಿಟ್ಟೀಸ್' ಎಂಬ ಬೆಕ್ಕುಮರಿಗಳ ಆಟಕ್ಕೆ ಜನ ಮುಗಿಬಿದ್ದ ರಭಸಕ್ಕೆ ಇಥೀರಿಯಂ ಜಾಲವೇ ಡಿಸೆಂಬರಿನಲ್ಲಿ ತೆವಳತೊಡಗಿತು. ಒಂದು ಬೆಕ್ಕು ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. (ಇಂತಹ ದಟ್ಟಣೆಗೆ ಪರಿಹಾರ ಹುಡುಕಿದವರಲ್ಲಿ ನಮ್ಮ ದೇಶದ ಎಂಜಿನಿಯರುಗಳೂ ಇದ್ದರು, ಅವರು 2017ರಲ್ಲಿ ಆರಂಭಿಸಿದ ಮ್ಯಾಟಿಕ್ ಜಾಲ 2021ರಲ್ಲಿ ಪಾಲಿಗಾನ್ ಎಂದು ಹೆಸರು ಬದಲಿಸಿಕೊಂಡಿತು.) ಆದರೆ ಬೆಕ್ಕುಗಳನ್ನು ಮರಿ ಹಾಕಿಸಿ ಮಾರುವುದನ್ನು ಬಿಟ್ಟರೆ ಅಲ್ಲಿ ಆಡಲು ಹೆಚ್ಚೇನೂ ಇರಲಿಲ್ಲ. ಕುತೂಹಲ ತಣಿದ ಮೇಲೆ ಬೆಲೆಯೂ ಇಳಿಯಿತು. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಗಳೂರಿನ ಹೊಲಕ್ಕೆ ಮಳೆ ಬರುತ್ತದೆಯೇ? ಒಡೆತನದ ದಾಖಲೆ ಬೇರೆ, ಫಸಲು ಬೇರೆ.

ಈ ಮಾತಿಗೆ ದೊಡ್ಡ ನಿದರ್ಶನ 'ಆಕ್ಸಿ ಇನ್ಫಿನಿಟಿ'. ವಿಯೆಟ್ನಾಮಿನ ಸ್ಕೈ ಮೇವಿಸ್ ಕಂಪನಿ 2018ರಲ್ಲಿ ತಂದ ಈ ಆಟ 2021ರಲ್ಲಿ ಜಗತ್ತಿನ ಗಮನ ಸೆಳೆಯಿತು. ಆಕ್ಸಿ ಎಂಬ ಮುದ್ದುಪ್ರಾಣಿಗಳು ಮೂರಿದ್ದರೆ ಆಗ ಆಡಬಹುದಾಗಿತ್ತು. ಗೆದ್ದರೆ ಎಸ್‌ಎಲ್‌ಪಿ ಎಂಬ ಟೋಕನ್ ಸಿಗುತ್ತಿತ್ತು. ಅದನ್ನು ಮಾರಿದರೆ ಹಣ. ಕೊರೋನಾ ಕಾಲದಲ್ಲಿ ಕೆಲಸ ಕಳೆದುಕೊಂಡ ಫಿಲಿಪ್ಪೀನ್ಸಿನ ಸಾವಿರಾರು ಮಂದಿ ಇದನ್ನೇ ಕೂಲಿಯಂತೆ ಆಡಿದರು. ಬೇಡಿಕೆಯ ತುದಿಯಲ್ಲಿ ಮೂರು ಆಕ್ಸಿಗಳಿಗೆ ಸಾವಿರ ಡಾಲರಿನಷ್ಟು ಬೇಕಾಗುತ್ತಿದ್ದುದರಿಂದ, ಉಳ್ಳವರು ತಮ್ಮ ಪ್ರಾಣಿಗಳನ್ನು ಇಲ್ಲದವರಿಗೆ ಕೊಟ್ಟು ಗಳಿಕೆಯಲ್ಲಿ ಪಾಲು ತೆಗೆದುಕೊಂಡರು. ನಮ್ಮ ಹಳ್ಳಿಗಳಲ್ಲಿ ಕುರಿಯನ್ನು ಪಾಲಿಗೆ ಕೊಡುವ ಪದ್ಧತಿಯನ್ನು ಕಂಡವರಿಗೆ ಇದು ಹೊಸದೇನಲ್ಲ. ವ್ಯತ್ಯಾಸವಿಷ್ಟೇ: ಪೇಟೆಯಲ್ಲಿ ಬೆಲೆ ಬಿದ್ದರೂ ಕುರಿಗೆ ಉಣ್ಣೆಯಿರುತ್ತದೆ, ಗೊಬ್ಬರವಿರುತ್ತದೆ, ಹಬ್ಬಕ್ಕೆ ಊಟವಾಗುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ನಾನು ವಿಜ್ಞಾನ ಓದಿದವನಾದ್ದರಿಂದ ನನಗೆ ಇದನ್ನು ಕೆರೆಯ ಲೆಕ್ಕದಲ್ಲಿ ಹೇಳುವುದೇ ಸುಲಭ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ನೀವು ನೋಡಿರಬಹುದು. ಹರಿದ್ರಾವತಿ ಹಳ್ಳದ ನೀರು ಒಳಗೆ ಬರುತ್ತದೆ. ಸಿದ್ಧ ನಾಲೆ, ಬಸವ ನಾಲೆಗಳಿಂದ ಹೊರಗೆ ಹೋಗಿ ಗದ್ದೆ ತೋಟಗಳಿಗೆ ಉಣಿಸುತ್ತದೆ. ಒಳಹರಿವು ಹೊರಹರಿವು ಹೊಂದಿಕೊಂಡಿರುವಷ್ಟು ದಿನ ಕೆರೆ ಕೆರೆಯಾಗಿರುತ್ತದೆ. ಆಟದ ಟೋಕನ್ನಿಗೂ ಹೀಗೆಯೇ ತೂಬು ಬೇಕು, ಅಂದರೆ ಆಟಗಾರರು ಟೋಕನ್ನನ್ನು ಸಂತೋಷದಿಂದ ಖರ್ಚು ಮಾಡಿ ಮುಗಿಸುವ ಜಾಗ. ಆಕ್ಸಿಯಲ್ಲಿ ಪ್ರತಿಯೊಬ್ಬ ಆಟಗಾರನೂ ದಿನವೂ ಹೊಸ ಎಸ್‌ಎಲ್‌ಪಿ ಸೃಷ್ಟಿಸುತ್ತಿದ್ದ. ಅದನ್ನು ಖರ್ಚು ಮಾಡಲು ಇದ್ದ ಮುಖ್ಯ ದಾರಿ ಆಕ್ಸಿಗಳನ್ನು ಮರಿ ಹಾಕಿಸುವುದು. ಆದರೆ ಹುಟ್ಟಿದ ಮರಿ ಹೊಸ ಆಟಗಾರನ ಕೈ ಸೇರಿ ಅದೂ ಎಸ್‌ಎಲ್‌ಪಿ ಗಳಿಸತೊಡಗುತ್ತಿತ್ತು! ತೂಬಿನಿಂದ ಹೊರಟ ನೀರು ಸುತ್ತಿ ಬಳಸಿ ಅದೇ ಕೆರೆಗೆ, ಅದೂ ಇಮ್ಮಡಿಯಾಗಿ, ಬಂದು ಬಿದ್ದಂತಾಯಿತು. ಹೊಸ ಆಟಗಾರರು ಬಂದು ಪ್ರಾಣಿ ಕೊಳ್ಳುತ್ತಿರುವವರೆಗೆ ಮಾತ್ರ ಹಳಬರಿಗೆ ಗಳಿಕೆ. 2021ರ ಕೊನೆಯ ಹೊತ್ತಿಗೆ ದಿನಕ್ಕೆ 25 ಲಕ್ಷಕ್ಕೂ ಹೆಚ್ಚು ಮಂದಿ ಆಡುತ್ತಿದ್ದರು, ಟೋಕನ್ನಿನ ಬೆಲೆ ಮಾತ್ರ ಆಗಲೇ ಜಾರುತ್ತಿತ್ತು. 2021ರ ಜುಲೈಯಲ್ಲಿ 30 ಸೆಂಟಿನಷ್ಟಿದ್ದ ಎಸ್‌ಎಲ್‌ಪಿ 2022ರ ಮಧ್ಯಭಾಗಕ್ಕೆ ಒಂದು ಸೆಂಟಿಗೂ ಕೆಳಗಿಳಿಯಿತು. ಈ ನಡುವೆ 2022ರ ಮಾರ್ಚಿನಲ್ಲಿ ಕಳ್ಳರು ಆ ಆಟದ ರೋನಿನ್ ಜಾಲಕ್ಕೆ ಕನ್ನ ಹಾಕಿ 60 ಕೋಟಿ ಡಾಲರಿಗೂ ಮಿಕ್ಕಿದ ಸಂಪತ್ತನ್ನು ಒಯ್ದರು. ಉತ್ತರ ಕೊರಿಯಾದ ತಂಡವೊಂದರ ಕೈವಾಡವೆಂದು ಅಮೆರಿಕದ ತನಿಖಾ ಸಂಸ್ಥೆ ಹೇಳಿತು. ಕಳ್ಳತನವೇ ಆಟವನ್ನು ಕೆಡವಿತೆಂದು ಹೇಳುವವರಿದ್ದಾರೆ. ಟೋಕನ್ ಅದಕ್ಕೂ ಮುಂಚೆಯೇ ಬಿದ್ದಿತ್ತಾದ್ದರಿಂದ ನಾನು ಒಪ್ಪುವುದಿಲ್ಲ.

ಚನ್ನಗಿರಿಯ ಓದುಗರಿಗೆ ಅಡಿಕೆಯ ಮಾತಿನಲ್ಲಿ ಹೇಳಿದರೆ ಇನ್ನೂ ಬೇಗ ತಿಳಿದೀತು. ರಾಶಿ ಅಡಿಕೆಯ ಧಾರಣೆ ಏರುತ್ತದೆ, ಇಳಿಯುತ್ತದೆ. ಖೇಣಿದಾರ ಕೊಳ್ಳುವುದೂ ಮಾರುವುದಕ್ಕೇ, ಮಂಡಿಯವರು ಕೊಳ್ಳುವುದೂ ಮಾರುವುದಕ್ಕೇ. ಆದರೂ ಈ ಸರಪಳಿಯ ಕೊನೆಯಲ್ಲಿ, ಬಹುಶಃ ಉತ್ತರದ ಯಾವುದೋ ಊರಿನಲ್ಲಿ, ಅದನ್ನು ಅಗಿಯುವವನೊಬ್ಬನಿದ್ದಾನೆ. (ಅಗಿಯುವುದು ಆರೋಗ್ಯಕ್ಕೆ ಹಿತವೇ ಎಂಬುದು ಇನ್ನೊಂದು ದಿನದ ಚರ್ಚೆ.) ಅವನು ಮರುಮಾರಾಟಕ್ಕಾಗಿ ಕೊಳ್ಳುವುದಿಲ್ಲ. ಪೋಕೆಮಾನ್‌ನಲ್ಲಿ ಅಂತಹವನಿದ್ದ: ಸಂಗ್ರಹ ಪೂರ್ತಿ ಮಾಡಬೇಕೆಂಬ ಹುಡುಗ. ಕೌಂಟರ್-ಸ್ಟ್ರೈಕ್‌ನಲ್ಲೂ ಇದ್ದಾನೆ: ಗೆಳೆಯರ ಮುಂದೆ ಮೆರೆಯಬೇಕೆನ್ನುವವನು. ಆಕ್ಸಿಯಲ್ಲಿ ಕೊಂಡವರಲ್ಲಿ ಬಹುಪಾಲು ಜನ ಖೇಣಿದಾರರೇ ಆಗಿದ್ದರು, ಅಗಿಯುವವರು ಕಡಿಮೆ.

ಹಾಗೆಂದು ವಿನಿಮಯವನ್ನೇ ಬಿಗಿಹಿಡಿದರೆ ಆಟಗಾರರಿಗೆ ಸಂತೋಷವಾಗುವುದಿಲ್ಲ. 2024ರಲ್ಲಿ ಬಂದ ಪೋಕೆಮಾನ್ ಕಾರ್ಡುಗಳ ಮೊಬೈಲ್ ಆಟ 2025ರ ಜನವರಿಯಲ್ಲಿ ವಿನಿಮಯಕ್ಕೆ ಅವಕಾಶ ಕೊಟ್ಟಿತಾದರೂ ಅದಕ್ಕೆ ಎಷ್ಟೊಂದು ಕಟ್ಟಳೆ ಹಾಕಿತೆಂದರೆ, ಆಟಗಾರರು ಗದ್ದಲವೆಬ್ಬಿಸಿ, ಕಂಪನಿ ಅದೇ ವರ್ಷ ನಿಯಮ ಸಡಿಲಿಸಬೇಕಾಯಿತು.

ಇನ್ನು ನಮ್ಮ ಕಾನೂನು. 2022ರ ಕೇಂದ್ರ ಬಜೆಟ್ ಇಂತಹ ಡಿಜಿಟಲ್ ಆಸ್ತಿಗಳ ಮಾರಾಟದ ಲಾಭಕ್ಕೆ ಶೇಕಡ 30 ತೆರಿಗೆ ವಿಧಿಸಿತು; ಆ ವರ್ಷದ ಜುಲೈ 1ರಿಂದ ಶೇಕಡ 1ರ ಮೂಲದಲ್ಲೇ ಕಡಿತವೂ ಬಂತು. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಹೈಕೋರ್ಟು 2022ರ ಫೆಬ್ರವರಿ 14ರಂದು ಆ ನಿಷೇಧವನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳಿಗೆಂದೇ ಕಾಯ್ದೆ ಮಾಡಿತು. ಅದರಲ್ಲಿ ಪಣವೆಂದರೆ ನಗದು ಮಾತ್ರವಲ್ಲ, ಹಣಕ್ಕೆ ಸಮನಾದ ಟೋಕನ್, ನಾಣ್ಯ, ವಸ್ತುಗಳೂ ಸೇರುತ್ತವೆ. ಅವು ನಿಜವಾದವಾಗಲಿ, ಪರದೆಯ ಮೇಲಿನವಾಗಲಿ. ಶಿಕ್ಷೆ ಅಂತಹ ಆಟ ನಡೆಸುವವರಿಗೆ, ಆಡುವವರಿಗಲ್ಲ.

ಕೊನೆಯದಾಗಿ, ನಿಮ್ಮಲ್ಲಿ ಹಲವರು ಕೇಳಿದ ಐಡಿ ಮಾರಾಟದ ವಿಚಾರ. ನಮ್ಮ ಕಡೆ ಹೆಚ್ಚಾಗಿ ಆಡುವ ಬಿಜಿಎಂಐನಂತಹ ಆಟಗಳಲ್ಲಿ ಕೊಂಡ ಬಟ್ಟೆ, ಹೊದಿಕೆಗಳನ್ನು ಇನ್ನೊಬ್ಬ ಆಟಗಾರನಿಗೆ ಮಾರುವ ಪೇಟೆಯನ್ನು ಕಂಪನಿಯೇ ಇಟ್ಟಿಲ್ಲ. ಹೀಗಾಗಿ ಬಟ್ಟೆಯೊಂದನ್ನೇ ಮಾರಲಾಗದೆ ಪೆಟ್ಟಿಗೆ ಸಮೇತ ಮಾರುವಂತೆ, ಖಾತೆಯನ್ನೇ 'ಐಡಿ' ಎಂದು ಕೈ ಬದಲಾಯಿಸುತ್ತಾರೆ. ಕಂಪನಿಯ ಕರಾರು ಇದನ್ನು ಒಪ್ಪುವುದಿಲ್ಲ. ಪತ್ತೆಯಾದರೆ ಖಾತೆಯನ್ನು ಮುಚ್ಚಬಹುದು. ಹಣ ಕೊಟ್ಟವನಿಗೆ ಸಿಗುವುದು ಒಂದು ಪಾಸ್‌ವರ್ಡ್ ಅಷ್ಟೇ. ಆ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಅಥವಾ ಇಮೇಲ್ ಮೊದಲ ಒಡೆಯನ ಹೆಸರಿನಲ್ಲೇ ಉಳಿದಿದ್ದರೆ, ಅವನು ಮನಸ್ಸು ಮಾಡಿದ ದಿನ 'ಪಾಸ್‌ವರ್ಡ್ ಮರೆತಿದೆ' ಎಂಬ ಗುಂಡಿಯನ್ನೊತ್ತಿ ಅದನ್ನು ವಾಪಸು ಪಡೆಯುತ್ತಾನೆ.