ಬಟವಾಡೆಯ ಅಂಗಳ

ಕಾಫಿಯ ಚರಿತ್ರೆಯನ್ನು ಬಾಬಾ ಬುಡನ್ ತಂದ ಏಳು ಬೀಜಗಳಿಂದ ಆರಂಭಿಸಿ ರಫ್ತಿನ ಅಂಕಿಗಳಲ್ಲಿ ಮುಗಿಸುವುದು ವಾಡಿಕೆ. ಮೂಡಿಗೆರೆಯ ಕಡೆ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನೂ ಬಹುಕಾಲ ಹಾಗೆಯೇ ಹೇಳಿದೆ. ಗಿಡ ನೆಟ್ಟವರು, ಹಣ್ಣು ಕೊಯ್ದವರು ಯಾರೆಂಬ ಪ್ರಶ್ನೆ ನನ್ನೆದುರು ಬೆಂಚಿನ ಮೇಲೆಯೇ ಕುಳಿತಿತ್ತು. ಸಾಹುಕಾರರ ಮಕ್ಕಳೂ ಲೈನುಮನೆಯ ಮಕ್ಕಳೂ ಒಂದೇ ಕೊಠಡಿಯಲ್ಲಿದ್ದರು.

1990ರ ದಶಕದ ಒಂದು ಮಳೆಗಾಲದಲ್ಲಿ ವಿಡಿಯೊ ಪೆಟ್ಟಿಗೆಯನ್ನು ಬಾಡಿಗೆಗೆ ತಂದು ‘ಚೋಮನ ದುಡಿ’ ತೋರಿಸಿದೆ. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲವೂ, ಚೋಮನಾಗಿದ್ದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯೂ ಬಂದವು. ಕತೆ ಘಟ್ಟದ ಕೆಳಗಿನದು. ಚೋಮನ ಸಾಲ ಮಾತ್ರ ಘಟ್ಟದ ಮೇಲಿನ ಕಾಫಿ ತೋಟದ್ದು. ಅದನ್ನು ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಕೊನೆಗೆ ಲೆಕ್ಕ ಚುಕ್ತಾ ಆಗುವುದು ಮಗಳು ಬೆಳ್ಳಿಯ ಮಾನದ ಬೆಲೆಗೆ.

ಇದು ಬರಿಯ ಕಲ್ಪನೆಯಲ್ಲ. ಮೇಸ್ತ್ರಿ ಮುಂಗಡ ಕೊಟ್ಟು ಕರಾವಳಿಯಿಂದ ಆಳು ತರುವುದೇ ಈ ಬೆಟ್ಟಗಳ ಪದ್ಧತಿಯಾಗಿತ್ತು. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಸೆರೆಗೆ ತಳ್ಳುವ ಕಾಯಿದೆ 1859ರಲ್ಲಿ ಬಂತು, 1925ರಲ್ಲಿ ರದ್ದಾಯಿತು. ಜೀತವಿಮುಕ್ತಿಯ ಸುಗ್ರೀವಾಜ್ಞೆ ಹೊರಟದ್ದು ಚಿತ್ರ ತಯಾರಾದ 1975ರಲ್ಲಿಯೇ. ಇನ್ನು ಚೋಮನ ನಿಜವಾದ ಆಸೆಯಾದ ತುಂಡು ನೆಲ? ಗೇಣಿದಾರನನ್ನು ಒಡೆಯನನ್ನಾಗಿಸಿದ 1974ರ ಭೂಸುಧಾರಣೆ ಪ್ಲಾಂಟೇಷನ್‌ಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ಕೂಲಿಯಾಳು ಗೇಣಿದಾರನೂ ಅಲ್ಲವಷ್ಟೆ!

ಚಿತ್ರ ಮುಗಿದಾಗ ಸಾಹುಕಾರರ ಮನೆಯ ಹುಡುಗರ ಕಣ್ಣು ಒದ್ದೆಯಾಗಿತ್ತು. ಪಾಠ ಗೆದ್ದಿತೆಂದು ನಾನು ಹಿಗ್ಗಿದೆ. ಹಿಂದಿನ ಸಾಲಿನಿಂದ ಲೈನುಮನೆಯ ಹುಡುಗಿಯೊಬ್ಬಳು ಎದ್ದಳು. ಅವಳ ಕಣ್ಣು ಒಣಗಿತ್ತು.

“ಸಾರ್, ಮುಂಗಡ ತಗೊಂಡಿದ್ದನ್ನ ಅವರು ಯಾವ ಪುಸ್ತಕದಲ್ಲಿ ಬರೀತಾರೆ? ಚೋಮ ಅದನ್ನ ನೋಡಬಹುದಿತ್ತಾ?”

ನನ್ನಲ್ಲಿ ಉತ್ತರವಿರಲಿಲ್ಲ. “ರೈಟರ ಹತ್ತಿರ ಇರುತ್ತೆ” ಎಂದು ಮುಂದಿನ ಬೆಂಚಿನಿಂದ ಒಬ್ಬ ಹುಡುಗ ಮೆಲ್ಲಗೆ ಹೇಳಿದ. ಹೇಳಿ ತಲೆ ತಗ್ಗಿಸಿದ. ಮರುಕ ಹುಟ್ಟಿಸುವುದು ಸುಲಭ. ಆ ಹುಡುಗಿ ಕೇಳಿದ್ದು ಮರುಕವನ್ನಲ್ಲ.

ಮಾರನೆಯ ದಿನ ಚಿತ್ರದ ಕೆಲವು ಭಾಗಗಳನ್ನು ಮಾತು ಕೇಳಿಸದಂತೆ ಮಾಡಿ ಮತ್ತೆ ತೋರಿಸಿದೆ. ಯಾರು ಎಲ್ಲಿ ನಿಂತಿದ್ದಾರೆ, ಅಷ್ಟನ್ನೇ ನೋಡಿ ಎಂದೆ. ಒಡೆಯ ಎತ್ತರದಲ್ಲಿ, ಚೋಮ ದೂರದಲ್ಲಿ. ಪುಸ್ತಕದಲ್ಲಿ ಓದುವಾಗ ಜಾರಿಹೋಗುವ ಈ ಅಳತೆ ಕಣ್ಣಿಗೆ ಬಿದ್ದರೆ ಮರೆಯುವುದಿಲ್ಲ. ಆಮೇಲೆ, ನಿಮಗೆ ಗೊತ್ತಿರುವ ಒಂದು ಅಂಗಳವನ್ನು ಬರೆದು ತನ್ನಿ ಎಂದೆ.

ಒಂದೇ ತೋಟದಿಂದ ಎರಡು ಚಿತ್ರಗಳು ಬಂದವು. ತಲೆ ತಗ್ಗಿಸಿದ್ದ ಹುಡುಗ ಶನಿವಾರದ ಬಟವಾಡೆಯನ್ನು ಜಗಲಿಯ ಮೇಲಿಂದ ನೋಡಿದಂತೆ ಬರೆದಿದ್ದ: ಕೆಳಗೆ ಸಾಲಾಗಿ ತಲೆಗಳು, ಮುಖಗಳಿಲ್ಲ. ಹುಡುಗಿಯ ಚಿತ್ರದಲ್ಲಿ ಮೆಟ್ಟಿಲು, ಮೇಜು, ರೈಟರ ಪುಸ್ತಕದ ಬೆನ್ನು. ಸಾಲಿನಲ್ಲಿದ್ದ ಪ್ರತಿಯೊಬ್ಬರ ಕೆಳಗೂ ಹೆಸರು ಬರೆದಿದ್ದಳು.

ಎರಡನ್ನೂ ಗೋಡೆಗೆ ಅಕ್ಕಪಕ್ಕ ಅಂಟಿಸಿದೆ. ಊಟದ ಬಿಡುವಿನಲ್ಲಿ ಆ ಹುಡುಗ ಪಕ್ಕದ ಚಿತ್ರದ ಮುಂದೆ ನಿಂತು ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದ.