ಮ್ಯಾಗ್ನೆಟ್ರಾನಿನ ಒಳಗಣ ಲೆಕ್ಕ: ವೇಗಕ್ಕಿಂತ ಹಂಚಿಕೆ ದೊಡ್ಡದು

ರಾಡಾರಿಗೆ ಮೈಕ್ರೋವೇವ್ ಶಕ್ತಿ ಒದಗಿಸುವ ಮ್ಯಾಗ್ನೆಟ್ರಾನಿನಲ್ಲಿ ಎಲೆಕ್ಟ್ರಾನ್‌ಗಳ ಮೋಡ ಹೊರಗಿನಿಂದ ಒಡ್ಡಿದ ಕ್ಷೇತ್ರಗಳ ಜೊತೆಗೆ ತಾನೇ ಹುಟ್ಟಿಸಿದ ಕ್ಷೇತ್ರದ ಸೆಳೆತಕ್ಕೂ ಸಿಕ್ಕಿ ಸುತ್ತುತ್ತದೆ. ಒಂದೆರಡು ಸಮೀಕರಣ ಬಿಡಿಸಿದರೆ ಇದು ಬಗೆಹರಿಯುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರಿನ ಡಗ್ಲಾಸ್ ಹಾರ್ಟ್ರಿಯವರ ತಂಡ ಈ ಎಲೆಕ್ಟ್ರಾನ್‌ಗಳ ದಾರಿಯನ್ನು ಹಂತಹಂತವಾಗಿ ಲೆಕ್ಕ ಹಾಕಿತು. ಆ ತಂಡದ ಆಸ್ಕರ್ ಬ್ಯೂನ್‌ಮನ್ ಮುಂದೆ ಪ್ಲಾಸ್ಮಾ (ವಿದ್ಯುದಂಶವುಳ್ಳ ಕಣಗಳ ಗುಂಪು) ಸಿಮ್ಯುಲೇಶನ್ನಿಗೆ ತಳಪಾಯ ಹಾಕಿದವರಲ್ಲಿ ಒಬ್ಬರಾದರು. ಆ ಬಳಿಕದ ಬೆಳವಣಿಗೆಯನ್ನು ಯಂತ್ರಗಳ ವೇಗದಿಂದ ಅಳೆಯುವುದು ರೂಢಿ. ಆದರೆ ಈ ಕ್ಷೇತ್ರವನ್ನು ಮುಂದಕ್ಕೆ ಒಯ್ದದ್ದು ಮುಖ್ಯವಾಗಿ ಕೆಲಸ ಹಂಚುವ ಜಾಣ್ಮೆ.

1966ರಲ್ಲಿ ಕೇನ್ ಯೀ ವಿದ್ಯುತ್ಕಾಂತ ಕ್ಷೇತ್ರವನ್ನು ಚೌಕುಳಿಗಳ ಮೇಲೆ ಲೆಕ್ಕ ಹಾಕುವ ವಿಧಾನ ಕೊಟ್ಟರು. 1970ರಲ್ಲಿ ಜೇ ಬೋರಿಸ್ ಕಾಂತಕ್ಷೇತ್ರದಲ್ಲಿ ಕಣಗಳನ್ನು ಮುಂದೂಡುವ ಸೂತ್ರ ಕೊಟ್ಟರು. ಇವೆರಡೂ ಕೂಡಿದ ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚುವಾಗ ತೊಡಕು ಎದುರಾಯಿತು. ಕಲಬುರಗಿಯಿಂದ ಕಮಲಾಪುರದವರೆಗಿನ ತೊಗರಿ ಹೊಲಗಳನ್ನು ಅಳೆದು ಸಮನಾಗಿ ಹಂಚಿದರೂ, ಬೆಳೆಯೆಲ್ಲ ಒಂದೇ ಹೊಲದಲ್ಲಿದ್ದರೆ ಅಲ್ಲಿಯ ಆಳುಗಳಷ್ಟೇ ದುಡಿಯುತ್ತಾರೆ, ಉಳಿದವರು ಕಾಯುತ್ತ ಕೂರುತ್ತಾರೆ. ಮ್ಯಾಗ್ನೆಟ್ರಾನಿನಲ್ಲೂ ಎಲೆಕ್ಟ್ರಾನ್‌ಗಳು ಚಕ್ರದ ಅರಗಳ ಆಕಾರದಲ್ಲಿ ಗುಂಪುಗೂಡುವುದರಿಂದ ಕೆಲಸವೆಲ್ಲ ಕೆಲವೇ ಪ್ರೊಸೆಸರುಗಳ ಮೇಲೆ ಬೀಳುತ್ತದೆ. 1989ರಲ್ಲಿ ಪಾಲೆಟ್ ಲೀವರ್ ಮತ್ತು ವಿಕ್ಟರ್ ಡೆಸಿಕ್ ಕಣಗಳಿಗೊಂದು, ಕ್ಷೇತ್ರಕ್ಕೊಂದು ಎಂದು ಎರಡು ಬಗೆಯ ಹಂಚಿಕೆ ಮಾಡಿ ಈ ತೊಡಕಿಗೆ ದಾರಿ ತೋರಿದರು. ಪ್ರೊಸೆಸರುಗಳ ಸಂಖ್ಯೆ ಹೆಚ್ಚಿದ್ದು ಫಲ ಕೊಟ್ಟದ್ದು ಇಂಥ ಯೋಚನೆಯಿಂದ.

ಕರ್ನಾಟಕದಲ್ಲಿ ಕಂಪ್ಯೂಟರ್ ಮತ್ತು ನಳಿಕೆ ಎಂಬ ಈ ವಿದ್ಯೆಯ ಎರಡೂ ತುದಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1986ರಲ್ಲೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತು. ಮ್ಯಾಗ್ನೆಟ್ರಾನಿನಂಥ ಮೈಕ್ರೋವೇವ್ ನಳಿಕೆಗಳಿಗೆಂದೇ ಡಿಆರ್‌ಡಿಒದ ಸಂಶೋಧನಾ ಕೇಂದ್ರ ಅದೇ ನಗರದಲ್ಲಿದೆ. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಬಂತು.

ಸಿದ್ಧ ಸಾಫ್ಟ್‌ವೇರ್ ಇರುವಾಗ ಇಂಥ ಲೆಕ್ಕಕ್ಕೆ ನಾವೇ ಕೋಡ್ ಬರೆಯುವ ಶ್ರಮ ಏಕೆ ಎಂಬ ಆಕ್ಷೇಪವಿದೆ. ಕಣ ಮತ್ತು ಚೌಕುಳಿಗಳ ಈ ವಿಧಾನದಲ್ಲಿ ಚೌಕುಳಿ ಡಿಬೈ ಉದ್ದಕ್ಕಿಂತ (ಪ್ಲಾಸ್ಮಾದೊಳಗೆ ಒಂದು ವಿದ್ಯುದಂಶದ ಪ್ರಭಾವ ತಲುಪುವ ದೂರ) ತೀರ ದೊಡ್ಡದಾದರೆ ಪ್ಲಾಸ್ಮಾ ಲೆಕ್ಕದಲ್ಲಷ್ಟೇ ಸುಳ್ಳುಸುಳ್ಳೇ ಬಿಸಿಯಾಗುತ್ತದೆ. ಪರದೆಯ ಮೇಲಿನ ಚಿತ್ರ ಆಗಲೂ ಅಚ್ಚುಕಟ್ಟಾಗಿಯೇ ಇರುತ್ತದೆ. ಒಳಗಿನ ಲೆಕ್ಕ ಗೊತ್ತಿದ್ದವರು ಮಾತ್ರ ತಪ್ಪು ಹಿಡಿಯಬಲ್ಲರು. ಪ್ರಯೋಗವೇ ಕೊನೆಯ ಪ್ರಮಾಣ ಎಂಬುದು ಎರಡನೇ ಆಕ್ಷೇಪ. ಅದು ನಿಜ. ಲೋಹದ ಮೇಲ್ಮೈಯಿಂದ ಎಷ್ಟು ಎಲೆಕ್ಟ್ರಾನ್ ಚಿಮ್ಮುತ್ತವೆ ಎಂಬುದನ್ನು ಅಳೆದೇ ತಿಳಿಯಬೇಕು. ಆದರೆ ಸೀಲು ಮಾಡಿದ ನಳಿಕೆಯೊಳಗೆ ಅಳತೆಗೋಲು ಇಳಿಯದ ಕಡೆ ಸಿಮ್ಯುಲೇಶನ್ ಇಳಿಯುತ್ತದೆ; ಕಟ್ಟಿ ಕೆಡಿಸುವ ಮಾದರಿಗಳ ಸಂಖ್ಯೆ ತಗ್ಗುತ್ತದೆ.

ಸೂಪರ್‌ಕಂಪ್ಯೂಟರ್ ಇಲ್ಲದ ಊರಿಗೆ ಇದರಲ್ಲಿ ಪಾಲಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಹಂಚಿಕೆಯ ವಿದ್ಯೆ ಕಲಿಯಲು ನಾಲ್ಕು ಕೋರ್‌ಗಳ ಸಾಧಾರಣ ಯಂತ್ರ, ಎರಡು ಆಯಾಮದ ಚಿಕ್ಕ ಕೋಡ್ ಸಾಕು. 1958ರಲ್ಲಿ ಆರಂಭವಾದ ಪಿಡಿಎ ಎಂಜಿನಿಯರಿಂಗ್ ಕಾಲೇಜು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳಿರುವ ಕಲಬುರಗಿ ಸೀಮೆಗೆ ಇದು ಕೈಗೆಟುಕುವ ಕೆಲಸ. ಭೌತಶಾಸ್ತ್ರ ಮತ್ತು ಕಂಪ್ಯೂಟರ್ ವಿಭಾಗಗಳು ಒಂದು ಪಠ್ಯವನ್ನು ಕೂಡಿ ಕಲಿಸಿದರೆ, ಇಲ್ಲಿಯ ವಿದ್ಯಾರ್ಥಿ ಬೆಂಗಳೂರಿನ ದೊಡ್ಡ ಯಂತ್ರಕ್ಕೆ ಒಪ್ಪಿಸಬಲ್ಲ ಕೋಡನ್ನು ಕಲಬುರಗಿಯಲ್ಲೇ ಬರೆಯಬಲ್ಲ.