ಕೆಸರು, ಹಿಮ ಮತ್ತು ಸ್ಪೇರ್ ಪಾರ್ಟು: ಸೇನೆಯ ಲಾರಿಗಳ ಕಥೆ

ಪುಣೆಯಿಂದ ಅಹಮದ್‌ನಗರದ ಕಡೆಗೆ ಹೋಗುವ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಹಸಿರು ಬಣ್ಣದ ಲಾರಿಗಳ ಸಾಲು ಹೊಸದಲ್ಲ. ಅವುಗಳ ನಂಬರ್ ಪ್ಲೇಟಿನಲ್ಲಿ ರಾಜ್ಯದ ಹೆಸರಿರುವುದಿಲ್ಲ. ಮೇಲ್ಮುಖವಾದ ಒಂದು ಬಾಣ, ಅದರ ಪಕ್ಕದಲ್ಲಿ ಎರಡು ಅಂಕಿ. ಆ ಅಂಕಿ ಗಾಡಿ ಸೇನೆಗೆ ಸೇರಿದ ವರ್ಷವನ್ನು ಹೇಳುತ್ತದೆ. ಮುಂದಿನ ಸಲ ಹಿಂದೆ ಸಿಕ್ಕಿಕೊಂಡಾಗ ಹಾರ್ನ್ ಹೊಡೆಯುವ ಬದಲು ಆ ಅಂಕಿಯನ್ನು ನೋಡಿ. ಎಷ್ಟೋ ಗಾಡಿಗಳು ನಮ್ಮ ಕಾರಿಗಿಂತ ಬಹಳ ಹಿರಿಯವು. ಅಹಮದ್‌ನಗರದಲ್ಲೇ ಸೇನೆಯ ವಾಹನಗಳನ್ನು ರೂಪಿಸಿ ಪರೀಕ್ಷಿಸುವ ಡಿಆರ್‌ಡಿಒ ಸಂಸ್ಥೆ ವಿಆರ್‌ಡಿಇ ಇದೆ.

ಸೇನೆಯ ಲಾರಿಗೆ ಎರಡು ಗುಣ ಬೇಕು. ಒಂದು, ರಸ್ತೆ ಇಲ್ಲದ ಕಡೆಯೂ ಹೋಗಬೇಕು. ಇನ್ನೊಂದು, ಹೋದಲ್ಲಿ ಕೆಟ್ಟು ನಿಲ್ಲಬಾರದು. ಕೇಳುವುದಕ್ಕೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಇವೆರಡಕ್ಕೂ ಒಳಗೊಳಗೇ ಜಗಳ. ಕೆಸರಿನಲ್ಲಿ ಚೆನ್ನಾಗಿ ನಡೆಯಲಿ ಎಂದು ಎಲ್ಲ ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಕೊಟ್ಟರೆ ಶಾಫ್ಟು, ಗೇರು, ಜಾಯಿಂಟು, ಸೀಲುಗಳೆಲ್ಲ ಹೆಚ್ಚುತ್ತವೆ. ಹೆಚ್ಚಿದ ಪ್ರತಿಯೊಂದು ಭಾಗವೂ ಒಂದು ದಿನ ಕೆಡಬಹುದಾದ ಭಾಗ. ಕಳೆದ ಎಂಬತ್ತು ವರ್ಷಗಳ ಸೇನಾ ಲಾರಿಗಳ ಚರಿತ್ರೆಯನ್ನು ಈ ಜಗಳದ ಚರಿತ್ರೆ ಎಂದೇ ಓದಬಹುದು.

ಶುರುಮಾಡಲು ಒಳ್ಳೆಯ ಜಾಗ 1941ರ ರಷ್ಯಾ. ಆ ವರ್ಷದ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿಯಿಟ್ಟಾಗ ಅದರ ಬಳಿ ಸುಮಾರು 6 ಲಕ್ಷ ಮೋಟಾರು ವಾಹನಗಳಿದ್ದವು. ಅಷ್ಟೇ ಸಂಖ್ಯೆಯ ಕುದುರೆಗಳೂ ಇದ್ದವು ಎನ್ನುವುದನ್ನು ಸಿನಿಮಾಗಳು ತೋರಿಸುವುದಿಲ್ಲ. ರಷ್ಯಾದ ರೈಲು ಹಳಿಗಳ ಅಗಲ ಬೇರೆಯಾದ್ದರಿಂದ ಜರ್ಮನ್ ರೈಲುಗಳು ಗಡಿ ದಾಟಿ ನೇರವಾಗಿ ಓಡುವಂತಿರಲಿಲ್ಲ. ಹಳಿ ಸರಿಪಡಿಸುವವರೆಗೆ ಗುಂಡು, ಪೆಟ್ರೋಲು, ರೊಟ್ಟಿ ಎಲ್ಲವೂ ಲಾರಿಯ ಮೇಲೆಯೇ ಹೋಗಬೇಕು. ಗಡಿಯಿಂದ ಮಾಸ್ಕೋ ಸುಮಾರು ಸಾವಿರ ಕಿಲೋಮೀಟರ್.

ಜರ್ಮನ್ನರ ಒಳ್ಳೆಯ ಲಾರಿ ಒಪೆಲ್ ಬ್ಲಿಟ್ಜ್. 3 ಟನ್ ಹೊರುವ, 3.6 ಲೀಟರ್ ಪೆಟ್ರೋಲ್ ಎಂಜಿನ್ನಿನ ಗಟ್ಟಿ ಗಾಡಿ. ಆದರೆ ಅದರಲ್ಲಿ ಹೆಚ್ಚಿನವು ಹಿಂದಿನ ಗಾಲಿಗಳಿಗೆ ಮಾತ್ರ ಶಕ್ತಿ ಹೋಗುವಂಥವು. ಅಕ್ಟೋಬರ್ ಮಳೆಗೆ ರಷ್ಯಾದ ಮಣ್ಣುರಸ್ತೆ ಹುದುಲಾಯಿತು. ರಷ್ಯನ್ನರು ಈ ಕಾಲವನ್ನು ರಸ್ಪುತಿತ್ಸಾ ಎನ್ನುತ್ತಾರೆ, ಎಂದರೆ ದಾರಿಯೇ ಇಲ್ಲದ ಋತು. ಗಾಡಿಗಳು ಅಚ್ಚಿನವರೆಗೆ ಹೂತವು. ಆಮೇಲೆ ಹಿಮ ಬಂತು. ಎಂಜಿನ್ ಆಯಿಲ್ ಗಟ್ಟಿಯಾಗಿ, ಬೆಳಿಗ್ಗೆ ಗಾಡಿ ಚಾಲೂ ಮಾಡಲು ಕೆಳಗೆ ಬೆಂಕಿ ಹಾಕಬೇಕಾಯಿತು. ಕೊನೆಗೆ ಹಿಂದಿನ ಗಾಲಿ ತೆಗೆದು ಟ್ಯಾಂಕಿನಂತೆ ಪಟ್ಟಿ ಜೋಡಿಸಿದ ಮೌಲ್ಟಿಯರ್ ಎಂಬ ಗಾಡಿಯನ್ನೇ ತಯಾರಿಸಿದರು. ಆ ಪದದ ಅರ್ಥ ಹೇಸರಗತ್ತೆ.

ಕೆಸರು ಕಣ್ಣಿಗೆ ಕಾಣುವ ಕಾರಣ. ಕಾಣದ ಕಾರಣ ಗೋದಾಮಿನಲ್ಲಿತ್ತು. ಜರ್ಮನ್ ಸೇನೆ ಸುಮಾರು 2,000 ಬಗೆಯ ವಾಹನಗಳನ್ನು ಹೊತ್ತು ರಷ್ಯಾಕ್ಕೆ ಹೋಗಿತ್ತು. ತಮ್ಮ ದೇಶದ ಬೇರೆ ಬೇರೆ ಕಂಪನಿಗಳವು, ಫ್ರಾನ್ಸಿನಲ್ಲಿ ಗೆದ್ದುಕೊಂಡವು, ಜೆಕ್ ಕಾರ್ಖಾನೆಗಳವು, ನಾಗರಿಕರಿಂದ ವಶಪಡಿಸಿಕೊಂಡವು. ಒಂದಕ್ಕೆ ಹೊಂದುವ ಬೇರಿಂಗು ಇನ್ನೊಂದಕ್ಕೆ ಹೊಂದದು. ಸ್ಮೋಲೆನ್ಸ್ಕ್ ಬಳಿ ಕೆಟ್ಟು ನಿಂತ ಫ್ರೆಂಚ್ ಲಾರಿಗೆ ಕ್ಲಚ್ ಪ್ಲೇಟು ಎಲ್ಲಿಂದ ತರುವುದು?

ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಎಂದರೆ ಜರ್ಮನ್ನರಿಗೆ ಇದು ಮೊದಲೇ ಗೊತ್ತಿತ್ತು. ಯುದ್ಧಕ್ಕೆ ಮುಂಚೆ, 1938–39ರಲ್ಲಿ, ಅಡಾಲ್ಫ್ ಫಾನ್ ಶೆಲ್ ಎಂಬ ಸೇನಾಧಿಕಾರಿಗೆ ಈ ಗೊಂದಲ ಬಿಡಿಸುವ ಕೆಲಸ ಕೊಟ್ಟಿದ್ದರು. ಆಗ ದೇಶದಲ್ಲಿ ತಯಾರಾಗುತ್ತಿದ್ದ 114 ಬಗೆಯ ಲಾರಿಗಳನ್ನು 19ಕ್ಕೆ ಇಳಿಸುವುದು ಶೆಲ್ ಯೋಜನೆ. ಯೋಜನೆ ಸರಿಯಿತ್ತು. ಆದರೆ ಫಲ ಕೊಡುವಷ್ಟರಲ್ಲಿ ಯುದ್ಧ ಶುರುವಾಯಿತು, ಗೆದ್ದ ದೇಶಗಳ ಲಾರಿಗಳನ್ನೆಲ್ಲ ಸೇರಿಸಿಕೊಂಡು ಗೊಂದಲ ಮೊದಲಿಗಿಂತ ದೊಡ್ಡದಾಯಿತು. ಡೆಡ್‌ಲೈನ್ ಹತ್ತಿರ ಬಂದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಸಿಸ್ಟಮ್ಮಿಗೆ ಜೋಡಿಸಿ ಆಮೇಲೆ ಪರಿತಪಿಸುವುದು ನಮ್ಮ ಸಾಫ್ಟ್‌ವೇರ್ ಕಸುಬಿನವರಿಗೆ ಅಪರಿಚಿತವೇನಲ್ಲ. ಅಲ್ಲಿ ಅದರ ಬೆಲೆಯನ್ನು ಜೀವದಲ್ಲಿ ತೆತ್ತರು.

ಎದುರಾಳಿ ಪಾಳೆಯದಲ್ಲಿ ಬೇರೆಯದೇ ಲೆಕ್ಕ ನಡೆದಿತ್ತು. ಅಮೆರಿಕ ಲೆಂಡ್-ಲೀಸ್ ಒಪ್ಪಂದದಡಿ ಸೋವಿಯತ್ ಒಕ್ಕೂಟಕ್ಕೆ ಜೀಪು, ಲಾರಿ ಸೇರಿ ಸುಮಾರು 4 ಲಕ್ಷ ವಾಹನ ಕಳಿಸಿತು. ಅವುಗಳಲ್ಲಿ ಹೆಸರು ಮಾಡಿದ್ದು ಸ್ಟುಡೆಬೇಕರ್ ಯುಎಸ್6. ಎರಡೂವರೆ ಟನ್ ಹೊರಲೆಂದು ಮಾಡಿದ, ಮೂರು ಆಕ್ಸಲಿನ ಗಾಡಿ. ಹೆಚ್ಚಿನವುಗಳಲ್ಲಿ ಎಲ್ಲ ಆಕ್ಸಲಿಗೂ ಶಕ್ತಿ. ರಷ್ಯನ್ನರು ಅದಕ್ಕಿಂತ ಹೆಚ್ಚೇ ಹೇರುತ್ತಿದ್ದರು. ಪ್ರಸಿದ್ಧ ಕತ್ಯೂಷಾ ರಾಕೆಟ್ ಲಾಂಚರುಗಳನ್ನು ಕೂರಿಸಿದ್ದೂ ಇದರ ಮೇಲೆ. ಅಮೆರಿಕ ಗಾಡಿಯ ಜೊತೆ ಬಿಡಿಭಾಗಗಳನ್ನೂ ರಷ್ಯನ್ ಭಾಷೆಯ ಕೈಪಿಡಿಯನ್ನೂ ಕಳಿಸಿತು. ಕೆಲವೇ ಬಗೆಯ ಗಾಡಿ, ಬೇಕಾದಷ್ಟು ಸ್ಪೇರು, ಓದಲು ಬರುವ ಪುಸ್ತಕ. ಯುದ್ಧದ ಕೊನೆಯ ಎರಡು ವರ್ಷ ಸೋವಿಯತ್ ಸೇನೆ ಅಷ್ಟು ವೇಗವಾಗಿ ಪಶ್ಚಿಮಕ್ಕೆ ನುಗ್ಗಿದ್ದರಲ್ಲಿ ಈ ಲಾರಿಗಳ ಪಾಲು ದೊಡ್ಡದು.

ಈ ಕಥೆಯಲ್ಲಿ ನಮ್ಮವರೂ ಇದ್ದಾರೆ. ಲೆಂಡ್-ಲೀಸ್ ಸಾಮಗ್ರಿಯ ಒಂದು ಮುಖ್ಯ ದಾರಿ ಇರಾನಿನ ಮೂಲಕ ಹೋಗುತ್ತಿತ್ತು. ಬಂದರಿಗೆ ಬಿಡಿಯಾಗಿ ಬಂದ ಲಾರಿಗಳನ್ನು ಖುರ್ರಮ್‌ಶಹರ್, ಅಂದಿಮೆಷ್ಕ್ ಊರುಗಳಲ್ಲಿ ಜೋಡಿಸಿ ಉತ್ತರಕ್ಕೆ ಓಡಿಸುತ್ತಿದ್ದರು. ಆ ದಾರಿಯಲ್ಲಿ ದುಡಿದವರಲ್ಲಿ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರಿನ ಸೈನಿಕರಿದ್ದರು. ಅವರಲ್ಲಿ ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಹವಾಲ್ದಾರ್ ಗಜೇಂದ್ರ ಸಿಂಗ್ ಅವರಿಗೆ 1944ರಲ್ಲಿ ಸೋವಿಯತ್ ಸರ್ಕಾರ ಆರ್ಡರ್ ಆಫ್ ದಿ ರೆಡ್ ಸ್ಟಾರ್ ಪದಕ ಕೊಟ್ಟು ಗೌರವಿಸಿತು. ಸಾಮಾನು ಸಾಗಿಸುವವರಿಗೆ ಇಂಥ ಗೌರವ ಅಪರೂಪ.

ಲಾರಿ ಕೆಸರಿನಲ್ಲಿ ಹೂಳುವುದೇಕೆ ಎಂದು ಸ್ವಲ್ಪ ನೋಡೋಣ. ಸಾಮಾನ್ಯ ಗಾಡಿಯ ಡಿಫರೆನ್ಶಿಯಲ್ ಎರಡೂ ಗಾಲಿಗಳಿಗೆ ಸಮನಾದ ತಿರುಚುಬಲ ಕೊಡುತ್ತದೆ. ಒಂದು ಗಾಲಿ ಕೆಸರಿನಲ್ಲಿ ಜಾರಿ ಸುಮ್ಮನೆ ತಿರುಗತೊಡಗಿದರೆ ಅದಕ್ಕೆ ಬೇಕಾದ ಬಲ ತೀರ ಕಡಿಮೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿಗೂ ಅಷ್ಟೇ ಸಿಗುತ್ತದೆ. ಗಾಡಿ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಮದ್ದು ಡಿಫರೆನ್ಶಿಯಲ್ ಲಾಕ್, ಎರಡೂ ಗಾಲಿ ಒಟ್ಟಿಗೆ ತಿರುಗುವಂತೆ ಕಟ್ಟಿಹಾಕುವುದು. ಎರಡನೆಯದು ಟಯರಿನ ಗಾಳಿ. ಟಯರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಗಾಳಿ ಇಳಿಸಿದರೆ ಟಯರು ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ, ಹೂಳುವುದು ಕಡಿಮೆ. ನೆಲದಲ್ಲೂ ನೀರಿನಲ್ಲೂ ಓಡುವ ಅಮೆರಿಕದ ಡಿಯುಕೆಡಬ್ಲ್ಯು ಗಾಡಿಯಲ್ಲಿ ಚಾಲಕ ಕೂತಲ್ಲಿಂದಲೇ ಗಾಳಿ ಏರಿಸಿ ಇಳಿಸಬಹುದಿತ್ತು. 1958ರ ಸೋವಿಯತ್ ಲಾರಿ ಜಿಲ್-157ರಲ್ಲೂ ಈ ವ್ಯವಸ್ಥೆ ಬಂತು.

ಮೂರನೆಯ ಸಮಸ್ಯೆ ಚಾಸಿಯದು. ಉಬ್ಬುತಗ್ಗಿನಲ್ಲಿ ಏಣಿಯಾಕಾರದ ಚಾಸಿ ತಿರುಚಿಕೊಳ್ಳುತ್ತದೆ, ಕ್ರಮೇಣ ಬಿರುಕು ಬಿಡುತ್ತದೆ. ಜೆಕ್ ದೇಶದ ಟಾಟ್ರಾ ಕಂಪನಿಯ ಎಂಜಿನಿಯರ್ ಹಾನ್ಸ್ ಲೆಡ್ವಿಂಕಾ 1923ರಲ್ಲೇ ಒಂದು ಕಾರಿಗೆ ಬೇರೆ ದಾರಿ ಹಿಡಿದಿದ್ದ. ಬೆನ್ನುಹುರಿಯಂತೆ ಮಧ್ಯದಲ್ಲಿ ಒಂದು ದಪ್ಪ ಉಕ್ಕಿನ ಕೊಳವೆ, ಶಕ್ತಿ ಸಾಗಿಸುವ ಶಾಫ್ಟು ಅದರ ಒಳಗೆ ಭದ್ರ. ಎರಡು ಬದಿಗೂ ಪ್ರತ್ಯೇಕವಾಗಿ ಆಡುವ ಅರ್ಧ ಆಕ್ಸಲುಗಳು. ಈ ತತ್ವವನ್ನೇ ಕಂಪನಿ ಲಾರಿಗಳಿಗೂ ತಂದಿತು. ಗಾಳಿಯಿಂದ ತಣಿಯುವ ಎಂಜಿನ್ ಆದ್ದರಿಂದ ರೇಡಿಯೇಟರ್ ನೀರು ಹೆಪ್ಪುಗಟ್ಟುವ ಚಿಂತೆಯೂ ಇಲ್ಲ. ಕಾರೆಲ್ ಲೋಪ್ರಾಯಿಸ್ ಟಾಟ್ರಾ ಲಾರಿ ಓಡಿಸಿ ಡಕಾರ್ ರ‍್ಯಾಲಿಯನ್ನು 1988ರಿಂದ 2001ರ ನಡುವೆ ಆರು ಸಲ ಗೆದ್ದರು.

ಸ್ವತಂತ್ರ ಭಾರತದ ಸೇನೆಗೆ ಬಳುವಳಿಯಾಗಿ ಬಂದದ್ದು ಯುದ್ಧಕಾಲದ ಬ್ರಿಟಿಷ್, ಅಮೆರಿಕನ್, ಕೆನಡಾ ಲಾರಿಗಳ ಕಲಬೆರಕೆ. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ, 1959ರಲ್ಲಿ, ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿ ತಯಾರಾಗತೊಡಗಿತು. ಸುಮಾರು 110 ಅಶ್ವಶಕ್ತಿ, ನಾಲ್ಕು ಗಾಲಿಗೂ ಶಕ್ತಿ, ಹಲವು ಬಗೆಯ ಇಂಧನದಲ್ಲಿ ಓಡುವ ಎಂಜಿನ್. ಅದೇ ಊರಿನಲ್ಲಿ ನಿಸಾನ್ ಪರವಾನಗಿಯ ಒಂದು ಟನ್ನಿನ ಗಾಡಿ ಮತ್ತು ಜೊಂಗಾ ತಯಾರಾದವು. ಮೂರು ಗಾತ್ರಕ್ಕೆ ಮೂರು ಗಾಡಿ. ಶೆಲ್ ಕಾಗದದ ಮೇಲೆ ಬಯಸಿದ್ದು ಇಲ್ಲಿ ಬಹುಮಟ್ಟಿಗೆ ನಡೆಯಿತು. ಶಕ್ತಿಮಾನ್ ತಯಾರಿ 1996ರವರೆಗೆ ಮುಂದುವರಿಯಿತು.

ಅಷ್ಟು ವರ್ಷ ಅದು ಓಡಿದ ಜಾಗ ಎಂಥದು! ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯ ಜೋಜಿ ಲಾ ಹಿಂದೆಲ್ಲ ವರ್ಷಕ್ಕೆ ಐದಾರು ತಿಂಗಳು ಹಿಮದಲ್ಲಿ ಮುಚ್ಚಿರುತ್ತಿತ್ತು. ಬೇಸಿಗೆಯ ಕೆಲವೇ ತಿಂಗಳಲ್ಲಿ ಇಡೀ ಚಳಿಗಾಲದ ಅಕ್ಕಿ, ಸೀಮೆಎಣ್ಣೆ, ಗುಂಡು ಸಾಗಿಸಿ ಮುಗಿಸಬೇಕು. ಒಂದು ಲಾರಿ ಕೆಟ್ಟು ದಾರಿಗೆ ಅಡ್ಡ ನಿಂತರೆ ಹಿಂದಿನ ಸಾಲೆಲ್ಲ ನಿಂತಿತು. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಖರ್ದುಂಗ್ ಲಾ 5,300 ಮೀಟರಿಗೂ ಎತ್ತರ. ಚಳಿಗೆ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಕೊಳ್ಳುತ್ತದೆ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಲಡಾಖ್‌ಗೆ ಬಿಡುಗಡೆ ಮಾಡಿದ್ದು 2019ರಲ್ಲಿ. ಅದಕ್ಕೆ ಮುಂಚಿನ ಅರವತ್ತು ಚಳಿಗಾಲಗಳನ್ನು ಚಾಲಕರು, ಮೆಕ್ಯಾನಿಕ್ಕುಗಳು ಹೇಗೋ ದಾಟಿಸಿದ್ದರು.

ಶಕ್ತಿಮಾನ್ ನಂತರ ಅದರ ಜಾಗಕ್ಕೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಬಂತು. ಭಾರೀ ಕೆಲಸಕ್ಕೆ ನಮ್ಮ ಬೆಂಗಳೂರಿನ ಬಿಇಎಂಎಲ್ 1986ರ ಒಪ್ಪಂದದಂತೆ ಟಾಟ್ರಾ ಲಾರಿಗಳನ್ನು ತಂದಿತು. ಪಿನಾಕಾ ರಾಕೆಟ್ಟುಗಳು ಕೂತದ್ದು ಇದರ ಮೇಲೆ. 2012ರಲ್ಲಿ ಟಾಟ್ರಾ ಖರೀದಿಯ ಬಗ್ಗೆ ಆರೋಪಗಳೆದ್ದು ಸಿಬಿಐ ತನಿಖೆ ನಡೆಯಿತು. ಆಗಿನ ವಾದಗಳು ಬೆಲೆಯ ಮೇಲೆ, ಮಧ್ಯವರ್ತಿಗಳ ಮೇಲೆ, ಸ್ಟೀರಿಂಗ್ ಎಡಕ್ಕಿರುವುದರ ಮೇಲೆ. ಆ ಗಾಡಿ ದಿಬ್ಬ ಹತ್ತುತ್ತದೆಯೇ ಎನ್ನುವುದು ವಾದದ ವಿಷಯವಾಗಲಿಲ್ಲ. ಆದರೆ ಖರೀದಿ ಎಂಬುದು ಲಾರಿ ಕೊಂಡ ದಿನಕ್ಕೆ ಮುಗಿಯುವುದಿಲ್ಲ. ಮುಂದಿನ ಮೂವತ್ತು ವರ್ಷ ಬಿಡಿಭಾಗ ಬರುತ್ತಿರಬೇಕು. ಖರೀದಿಯ ಮೇಲಿನ ನಂಬಿಕೆ ಮುರಿದರೆ ಗಡಿಯಲ್ಲಿರುವ ಗಾಡಿಗೂ ತೊಂದರೆ.

ಹೊಸ ತಂತ್ರಜ್ಞಾನ ಈ ಜಗಳವನ್ನು ಮುಗಿಸಿದೆಯೇ? 1990ರ ದಶಕದಲ್ಲಿ ಅಮೆರಿಕ ಆಸ್ಟ್ರಿಯಾದ ಸ್ಟೈಯರ್ ವಿನ್ಯಾಸವನ್ನು ಆಧರಿಸಿ ಎಫ್‌ಎಮ್‌ಟಿವಿ ಎಂಬ ಲಾರಿಗಳನ್ನು ತಂದಿತು. ಟಯರಿನ ಗಾಳಿಯನ್ನು ಕೂತಲ್ಲಿಂದಲೇ ಹೊಂದಿಸುವ ಸೌಕರ್ಯವೂ ಇತ್ತು. 1998ರಲ್ಲಿ ಹೆದ್ದಾರಿಯ ವೇಗದಲ್ಲಿ ಡ್ರೈವ್‌ಶಾಫ್ಟುಗಳು ಮುರಿಯತೊಡಗಿ, ದುರಸ್ತಿಯಾಗುವವರೆಗೆ ಗಂಟೆಗೆ 30 ಮೈಲಿ ಮೀರಬಾರದೆಂದು ಸೇನೆ ಆದೇಶಿಸಬೇಕಾಯಿತು. ಕಾಡುಮೇಡಿಗೆಂದು ಮಾಡಿದ ಗಾಡಿಗೆ ಒಳ್ಳೆಯ ರಸ್ತೆ ಸಮಸ್ಯೆಯಾಯಿತು.

2022ರ ಮಾರ್ಚಿನಲ್ಲಿ ಯುಕ್ರೇನಿನ ಕೆಸರಿನಲ್ಲಿ ಹೂತ ರಷ್ಯಾದ ಪಾಂತ್ಸಿರ್ ಕ್ಷಿಪಣಿ ವಾಹನದ ಚಿತ್ರ ಎಲ್ಲೆಡೆ ಹರಿದಾಡಿತು. ಅದರ ಟಯರಿನ ಪಕ್ಕಗಳು ಹರಿದಿದ್ದವು. ಬಹುಕಾಲ ಒಂದೇ ಕಡೆ ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ರಬ್ಬರು ಒಣಗಿ ಬಿರಿಯುತ್ತದೆ. ಅಂಥ ಟಯರಿನ ಗಾಳಿ ಇಳಿಸಿ ಕೆಸರಿಗಿಳಿದರೆ ಹರಿಯುತ್ತದೆ. ಗಾಡಿಗಳನ್ನು ಆಗಾಗ ಓಡಿಸಿ, ಜಾಗ ಬದಲಿಸಿ ಇಡುವ ಸಣ್ಣ ಕೆಲಸ ತಪ್ಪಿದ್ದರ ಗುರುತು ಇದು ಎಂದು ಕೆಲವು ವೀಕ್ಷಕರು ಆಗ ಹೇಳಿದರು. ಸ್ಟುಡೆಬೇಕರ್ ನೆಚ್ಚಿ ಗೆದ್ದವರ ಮೊಮ್ಮಕ್ಕಳ ಸೇನೆ ಅದು.

ಒಂದು ಲಾರಿ ಎಷ್ಟು ಆಳದ ನೀರು ದಾಟುತ್ತದೆ, ಎಷ್ಟು ಕಡಿದಾದ ಏರು ಹತ್ತುತ್ತದೆ ಎಂಬುದನ್ನು ಒಂದು ದಿನದಲ್ಲಿ ಅಳೆಯಬಹುದು. ನೆಚ್ಚಬಹುದೇ ಎಂಬುದನ್ನು ಅಳೆಯಲು ವರ್ಷಗಳು ಬೇಕು, ಅಳೆಯುವಾಗ ಗಾಡಿಯ ಜೊತೆ ಅದನ್ನು ನೋಡಿಕೊಳ್ಳುವವರನ್ನೂ ಅಳೆಯಬೇಕು. ಸಿಕಂದರಾಬಾದಿನ ತಿರುಮಲಗಿರಿ ಕಡೆ ಓಡಾಡುವ ಹೈದರಾಬಾದ್ ಕನ್ನಡಿಗರಿಗೆ ಇಎಂಇ ಫಲಕಗಳು ಪರಿಚಿತ. ಸೇನೆಯ ಗಾಡಿ ರಿಪೇರಿ ಮಾಡುವ, 1943ರಲ್ಲಿ ಹುಟ್ಟಿದ ಆ ಕೋರಿನವರು ಅಲ್ಲೇ ಕಲಿಯುತ್ತಾರೆ. ಗಾಡಿ ಓಡಿಸುವ ಆರ್ಮಿ ಸರ್ವಿಸ್ ಕೋರಿನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲಿದೆ. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನಾವು ಚಪ್ಪಾಳೆ ತಟ್ಟುವುದು ಲಾರಿಯ ಮೇಲೆ ಕೂತ ಕ್ಷಿಪಣಿಗೆ. ಮುಂದಿನ ಸಲ ಅದರ ಕೆಳಗಿನ ಗಾಲಿಗಳನ್ನೂ ಸ್ವಲ್ಪ ನೋಡಿ.